ಎರಡು ನಿಮಿಷದ ಒಗಟು

1950ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದ ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕ್ರಿಶ್ಚಿಯನ್ ಆನ್ಫಿನ್ಸನ್ ಎಂಬ ಜೀವರಸಾಯನ ವಿಜ್ಞಾನಿ ಒಂದು ಪ್ರೋಟೀನನ್ನು ಬೇಕೆಂದೇ ಕೆಡಿಸಿ, ಅದು ತಾನಾಗಿ ಸರಿಹೋಗುತ್ತದೆಯೇ ಎಂದು ನೋಡುವ ಕೆಲಸಕ್ಕೆ ಕೈಹಾಕಿದ್ದರು. ಪ್ರೋಟೀನಿನ ಹೆಸರು ರೈಬೋನ್ಯೂಕ್ಲಿಯೇಸ್. ದನದ ಮೇದೋಜೀರಕ ಗ್ರಂಥಿಯಲ್ಲಿ ಧಾರಾಳವಾಗಿ ಸಿಗುವ, ಆರ್‌ಎನ್‌ಎಯನ್ನು ತುಂಡರಿಸುವ ಕಿಣ್ವ ಅದು. ಮಾಂಸೋದ್ಯಮದ ಆರ್ಮರ್ ಕಂಪನಿ ಅದನ್ನು ಕಿಲೋಗ್ರಾಂ ಲೆಕ್ಕದಲ್ಲಿ ಶುದ್ಧಗೊಳಿಸಿ ವಿಜ್ಞಾನಿಗಳಿಗೆ ಹಂಚಿದ್ದರಿಂದ ಆ ಕಾಲದ ಪ್ರೋಟೀನ್ ಪ್ರಯೋಗಾಲಯಗಳಿಗೆಲ್ಲ ಅದು ಪರಿಚಿತವಾಗಿತ್ತು. 124 ಅಮೈನೋ ಆಮ್ಲಗಳ ಒಂದೇ ಸರಪಳಿ. ಅದರಲ್ಲಿ ಎಂಟು ಸಿಸ್ಟೀನ್‌ಗಳು.

ಈ ಎಂಟು ಸಿಸ್ಟೀನ್‌ಗಳ ಸುತ್ತ ನಮ್ಮ ಕಥೆ ಸುತ್ತುತ್ತದೆ. ಸಿಸ್ಟೀನ್ ಎಂಬ ಅಮೈನೋ ಆಮ್ಲದ ತುದಿಯಲ್ಲಿ ಒಂದು ಗಂಧಕದ ಪರಮಾಣು ಇರುತ್ತದೆ, ಅದಕ್ಕೊಂದು ಹೈಡ್ರೋಜನ್ ಅಂಟಿರುತ್ತದೆ. ಎರಡು ಸಿಸ್ಟೀನ್‌ಗಳು ಹತ್ತಿರ ಬಂದು ತಮ್ಮ ಹೈಡ್ರೋಜನ್‌ಗಳನ್ನು ಕಳೆದುಕೊಂಡರೆ ಗಂಧಕಕ್ಕೆ ಗಂಧಕ ನೇರವಾಗಿ ಕೂಡಿಕೊಳ್ಳುತ್ತದೆ. ಇದೇ ಡೈಸಲ್ಫೈಡ್ ಬಂಧ, ಪ್ರೋಟೀನಿನ ಮೈಗೆ ಹಾಕಿದ ಗಟ್ಟಿ ಬೆಸುಗೆ. ನಮ್ಮ ಕೂದಲು, ಉಗುರುಗಳ ಗಡಸು ಬಹುಪಾಲು ಇದರಿಂದ ಬಂದದ್ದು. ರಕ್ತದಲ್ಲಿ ಸುತ್ತುವ ಪ್ರತಿಕಾಯಗಳ ಬಿಗಿ ಕೂಡ ಇದರದೇ. ಇನ್ಸುಲಿನ್ನಿನ ಎರಡು ಸರಪಳಿಗಳನ್ನು ಜೋಡಿಸಿ ಹಿಡಿದಿರುವುದು ಎರಡು ಡೈಸಲ್ಫೈಡ್ ಬಂಧಗಳು. ಮೂರನೆಯದು ಚಿಕ್ಕ ಸರಪಳಿಯೊಳಗೇ ಇದೆ. ಕೇಂಬ್ರಿಜ್‌ನ ಫ್ರೆಡರಿಕ್ ಸ್ಯಾಂಗರ್ 1955ರಲ್ಲಿ ಈ ಮೂರರ ಜಾಗವನ್ನೂ ಗುರುತಿಸಿ ಇನ್ಸುಲಿನ್ನಿನ ಪೂರ್ಣ ರಚನೆಯನ್ನು ಕೊಟ್ಟರು. ಬೆಸುಗೆ ಎಲ್ಲೆಲ್ಲಿದೆ ಎಂಬುದು ಹೀಗೆ ತಿಳಿಯತೊಡಗಿತ್ತು. ಹಾಕುವವರು ಯಾರು ಎಂದು ಆಗ ಯಾರಿಗೂ ಹೊಳೆದಿರಲಿಲ್ಲ.

ಕೆಟ್ಟ ಕಿಣ್ವ ಎದ್ದು ಬಂದ ಬಗೆ

ಆನ್ಫಿನ್ಸನ್ ಮತ್ತು ಅವರ ಜೊತೆಗಾರರಾದ ಫ್ರೆಡರಿಕ್ ವೈಟ್, ಎಡ್ಗರ್ ಹೇಬರ್, ಮೈಕೆಲ್ ಸೆಲಾ ರೈಬೋನ್ಯೂಕ್ಲಿಯೇಸನ್ನು ಯೂರಿಯಾದ ದಟ್ಟ ದ್ರಾವಣದಲ್ಲಿ ಹಾಕಿ, ಮರ್ಕ್ಯಾಪ್ಟೋಎಥನಾಲ್ ಎಂಬ ರಾಸಾಯನಿಕದಿಂದ ಅದರ ನಾಲ್ಕೂ ಡೈಸಲ್ಫೈಡ್ ಬಂಧಗಳನ್ನು ಮುರಿದರು. ಮಡಿಕೆ ಬಿಚ್ಚಿ ಸರಪಳಿ ಸಡಿಲವಾಯಿತು, ಕಿಣ್ವದ ಶಕ್ತಿ ಉಡುಗಿತು. ಆಮೇಲೆ ಎರಡೂ ರಾಸಾಯನಿಕಗಳನ್ನು ತೆಗೆದು ದ್ರಾವಣವನ್ನು ಗಾಳಿಗೆ ಬಿಟ್ಟರು. ಕಿಣ್ವ ಮತ್ತೆ ತನ್ನ ಆಕಾರಕ್ಕೆ ಮಡಚಿಕೊಂಡು, ಕಳೆದುಕೊಂಡ ಶಕ್ತಿಯನ್ನು ಹೆಚ್ಚೂಕಡಿಮೆ ಪೂರ್ತಿ ಮರಳಿ ಪಡೆಯಿತು.

ಇದರ ಅಚ್ಚರಿ ತಿಳಿಯಬೇಕಾದರೆ ಒಂದು ಸಣ್ಣ ಲೆಕ್ಕ ಬೇಕು. ಎಂಟು ಸಿಸ್ಟೀನ್‌ಗಳಲ್ಲಿ ಮೊದಲನೆಯದು ಉಳಿದ ಏಳರಲ್ಲಿ ಯಾವುದರ ಜೊತೆಗಾದರೂ ಕೂಡಬಹುದು. ಆ ಜೋಡಿ ಬದಿಗೆ ಸರಿದರೆ ಮುಂದಿನದಕ್ಕೆ ಐದು ಆಯ್ಕೆ, ಅದರ ಮುಂದಿನದಕ್ಕೆ ಮೂರು, ಕೊನೆಗೆ ಒಂದು. ಗುಣಿಸಿದರೆ 105. ಈ 105 ಬಗೆಗಳಲ್ಲಿ ಸರಿಯಾದದ್ದು ಒಂದೇ ಒಂದು, ಸರಪಳಿ ಆ ಒಂದನ್ನೇ ಹುಡುಕಿಕೊಂಡಿತ್ತು. ಯೂರಿಯಾ ಇರುವಾಗಲೇ ಬಂಧಗಳು ಕೂಡಲು ಬಿಟ್ಟಾಗ ಫಲಿತಾಂಶ ಬೇರೆಯಾಯಿತು. ಆಗ ಗಂಧಕಗಳು ಮನಬಂದಂತೆ ಬೆಸೆದುಕೊಂಡವು, ಮರಳಿದ ಶಕ್ತಿ ಶೇ 1ರ ಆಸುಪಾಸು. ಕುರುಡು ಜೋಡಣೆಗೆ ಲೆಕ್ಕ ಹೇಳುವುದೂ ಅಷ್ಟನ್ನೇ. ಹೀಗೆ ಗೋಜಲಾದ ಕಿಣ್ವಕ್ಕೆ ಯೂರಿಯಾ ತೆಗೆದು ಮರ್ಕ್ಯಾಪ್ಟೋಎಥನಾಲನ್ನು ಲವಲೇಶ ಸೇರಿಸಿದರೆ ತಪ್ಪು ಬಂಧಗಳು ಬಿಚ್ಚಿ, ಸರಿಯಾದವು ಕೂಡಿ, ಸುಮಾರು ಹತ್ತು ಗಂಟೆಗಳಲ್ಲಿ ಪೂರ್ಣ ಕಿಣ್ವ ಎದ್ದು ಬರುತ್ತಿತ್ತು.

ಪ್ರೋಟೀನಿನ ಆಕಾರ ಹೇಗಿರಬೇಕೆಂಬ ಮಾಹಿತಿಯೆಲ್ಲ ಅದರ ಅಮೈನೋ ಆಮ್ಲಗಳ ಸಾಲಿನಲ್ಲೇ ಇದೆ ಎಂದು ಆನ್ಫಿನ್ಸನ್ ತೀರ್ಮಾನಿಸಿದರು. ಇಪ್ಪತ್ತನೆಯ ಶತಮಾನದ ಜೀವವಿಜ್ಞಾನದ ದೊಡ್ಡ ತೀರ್ಮಾನಗಳಲ್ಲಿ ಇದೂ ಒಂದು. 1972ರಲ್ಲಿ ಇದಕ್ಕೆ ರಸಾಯನವಿಜ್ಞಾನದ ನೊಬೆಲ್ ಬಂತು. ಅದೇ ರೈಬೋನ್ಯೂಕ್ಲಿಯೇಸಿನ ಮೇಲೆ ಕೆಲಸ ಮಾಡಿದ್ದ ರಾಕ್‌ಫೆಲ್ಲರ್ ಸಂಸ್ಥೆಯ ಸ್ಟ್ಯಾನ್‌ಫರ್ಡ್ ಮೂರ್ ಮತ್ತು ವಿಲಿಯಂ ಸ್ಟೈನ್ ಜೊತೆಯಲ್ಲಿ ಅದನ್ನು ಹಂಚಿಕೊಂಡರು.

ಹೊಂದದ ಗಡಿಯಾರ

ಸಿದ್ಧಾಂತ ಗೆದ್ದಿತ್ತು, ಆದರೆ ಗಡಿಯಾರ ಹೊಂದುತ್ತಿರಲಿಲ್ಲ. ಪ್ರನಾಳದಲ್ಲಿ ರೈಬೋನ್ಯೂಕ್ಲಿಯೇಸ್ ಸರಿಯಾಗಲು ಗಂಟೆಗಟ್ಟಲೆ ಬೇಕಿತ್ತು. ಪ್ರಾಣಿಯ ಜೀವಕೋಶದಲ್ಲಾದರೋ ಅಂಥದೊಂದು ಸರಪಳಿ ತಯಾರಾಗಿ ಮಡಚಿಕೊಳ್ಳಲು ಎರಡು ನಿಮಿಷದಷ್ಟು ಸಾಕು ಎಂದು ಆಗಲೇ ಅಂದಾಜಿತ್ತು. ಹತ್ತು ಗಂಟೆಯ ಕೆಲಸ ಎರಡು ನಿಮಿಷದಲ್ಲಿ ಮುಗಿಯುವುದಾದರೆ ಜೀವಕೋಶದಲ್ಲಿ ಇನ್ನೇನೋ ಇದೆ ಎಂದಾಯಿತು.

ಗೆದ್ದ ಸಿದ್ಧಾಂತವನ್ನು ಹಿಡಿದು ಕೂರದೆ ಈ ಕೊರತೆಯ ಬೆನ್ನು ಹತ್ತಿದ್ದು ಆನ್ಫಿನ್ಸನ್ ಅವರ ದೊಡ್ಡತನ. 1963ರಲ್ಲಿ ರಾಬರ್ಟ್ ಗೋಲ್ಡ್‌ಬರ್ಗರ್, ಚಾರ್ಲ್ಸ್ ಎಪ್‌ಸ್ಟೈನ್ ಮತ್ತು ಆನ್ಫಿನ್ಸನ್ ಇಲಿಯ ಯಕೃತ್ತನ್ನು ಅರೆದು, ಅದರಿಂದ ಬೇರ್ಪಡಿಸಿದ ಪೊರೆಚೂರುಗಳನ್ನು ಬಿಚ್ಚಿಹೋದ ರೈಬೋನ್ಯೂಕ್ಲಿಯೇಸಿಗೆ ಸೇರಿಸಿದರು. ಗಂಟೆಗಳ ಕೆಲಸ ನಿಮಿಷಗಳಿಗೆ ಇಳಿಯಿತು. ಅದೇ ವರ್ಷ, ಶೀತಲ ಸಮರದ ಗೋಡೆಯ ಆಚೆ ಬದಿಯ ಬುಡಾಪೆಸ್ಟ್‌ನಲ್ಲಿ ಪಾಲ್ ವೆನೆಟಿಯಾನರ್ ಮತ್ತು ಎಫ್. ಬ್ರೂನೋ ಷ್ಟ್ರೌಬ್ ಮೇದೋಜೀರಕ ಗ್ರಂಥಿಯ ಸಾರದಲ್ಲಿ ಇಂಥದೇ ಚಟುವಟಿಕೆ ಕಂಡರು. ಈ ಷ್ಟ್ರೌಬ್ ಎರಡು ದಶಕಗಳ ಹಿಂದೆ ಸೆಗೆಡ್‌ನಲ್ಲಿ ಸ್ನಾಯುವಿನ ಆಕ್ಟಿನ್ ಪ್ರೋಟೀನನ್ನು ಕಂಡುಹಿಡಿದವರು. ಒಬ್ಬರನ್ನೊಬ್ಬರು ನೆಚ್ಚದೆ ಎರಡು ಪ್ರಯೋಗಾಲಯಗಳು ಒಂದೇ ಕಿಣ್ವದ ಬಾಗಿಲಿಗೆ ಬಂದು ನಿಂತಿದ್ದವು.

ಮುಂದಿನ ಕೆಲವೇ ವರ್ಷಗಳಲ್ಲಿ ಬೆಥೆಸ್ಡಾದ ತಂಡ ಆ ಕಿಣ್ವವನ್ನು ದನದ ಯಕೃತ್ತಿನಿಂದ ಶುದ್ಧೀಕರಿಸಿತು. ಅದು ಹೊಸ ಬೆಸುಗೆ ಹಾಕುವುದಷ್ಟೇ ಅಲ್ಲದೆ ತಪ್ಪಾಗಿ ಕೂಡಿದ ಗಂಧಕಗಳನ್ನು ಬಿಚ್ಚಿ ಮತ್ತೆ ಕೂಡಿಸಲೂ ಬಲ್ಲದು ಎಂಬುದು ಸ್ಪಷ್ಟವಾಯಿತು. ಹೀಗಾಗಿ ಅದಕ್ಕೆ ಪ್ರೋಟೀನ್ ಡೈಸಲ್ಫೈಡ್ ಐಸೋಮರೇಸ್, ಚಿಕ್ಕದಾಗಿ ಪಿಡಿಐ, ಎಂಬ ಹೆಸರು ನಿಂತಿತು. ಅದರ ಮನೆ ಜೀವಕೋಶದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂ ಎಂಬ ಪೊರೆಗಳ ಜಾಲ. ಕೋಶದ ಹೊರಗೆ ಹೋಗಬೇಕಾದ ಪ್ರೋಟೀನುಗಳೆಲ್ಲ ಮಡಚಿಕೊಳ್ಳುವ ಜಾಗ ಅದೇ.

ಒಂದೇ ಆಕಾರ, ಎದುರುಬದುರು ಕೆಲಸ

ಪಿಡಿಐ ಸಿಕ್ಕಿತು, ಆದರೆ ಬಹುಕಾಲ ಅದಕ್ಕೆ ತಕ್ಕ ಗಮನ ಸಿಗಲಿಲ್ಲ. ಇಂಗ್ಲೆಂಡಿನ ಕೆಂಟ್ ವಿಶ್ವವಿದ್ಯಾಲಯದ ರಾಬರ್ಟ್ ಫ್ರೀಡ್‌ಮನ್ ಅವರಂಥ ಕೆಲವರು 1970 ಮತ್ತು 80ರ ದಶಕಗಳಲ್ಲಿ ಅದರ ಹಿಂದೆ ಬಿದ್ದು ಕೆಲಸ ಮಾಡಿದರು. 1985ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವಿಲಿಯಂ ರಟರ್ ಅವರ ಬಳಗ ಇಲಿಯ ಪಿಡಿಐ ಜೀನನ್ನು ಓದಿದಾಗ ಚಿತ್ರ ತಿಳಿಯಾಯಿತು. ಪಿಡಿಐಯ ಸರಪಳಿಯಲ್ಲಿ ಎರಡು ಕಡೆ ಥಯೋರೆಡಾಕ್ಸಿನ್ ಎಂಬ ಪುಟ್ಟ ಪ್ರೋಟೀನಿನ ಹೋಲಿಕೆ ಎದ್ದು ಕಂಡಿತು.

ಥಯೋರೆಡಾಕ್ಸಿನ್ ಸ್ವೀಡನ್ನಿನ ಪೀಟರ್ ರೈಕಾರ್ಡ್ ಬಳಗ 1964ರಲ್ಲಿ ಇ. ಕೋಲೈ ಬ್ಯಾಕ್ಟೀರಿಯದಲ್ಲಿ ಕಂಡುಕೊಂಡಿದ್ದ ಪ್ರೋಟೀನ್. ಅದರ ಕ್ರಿಯಾಕೇಂದ್ರದಲ್ಲಿ ಎರಡು ಸಿಸ್ಟೀನ್‌ಗಳು, ನಡುವೆ ಎರಡು ಬೇರೆ ಅಮೈನೋ ಆಮ್ಲಗಳು. ಪಿಡಿಐಯಲ್ಲೂ ಅದೇ ವಿನ್ಯಾಸ. ವಿಚಿತ್ರವೆಂದರೆ ಥಯೋರೆಡಾಕ್ಸಿನ್ ಡೈಸಲ್ಫೈಡ್ ಬಂಧಗಳನ್ನು ಮುರಿಯುವ ಪ್ರೋಟೀನ್! ಕೋಶದ್ರವದಲ್ಲಿ ಅಂಥ ಬಂಧಗಳು ನಿಲ್ಲದಂತೆ ನೋಡಿಕೊಳ್ಳುವುದು ಅದರ ಕೆಲಸ. ಪ್ರಕೃತಿ ಒಂದೇ ಆಕಾರವನ್ನು ಕಟ್ಟುವುದಕ್ಕೂ ಕೆಡವುವುದಕ್ಕೂ ಬಳಸಿತ್ತು.

ಇದು ಸಾಧ್ಯವಾಗುವುದು ಗಂಧಕದ ರಸಾಯನದಿಂದ. ಕಿಣ್ವದ ಎರಡು ಸಿಸ್ಟೀನ್‌ಗಳು ತಮ್ಮೊಳಗೆ ಬಂಧ ಕಟ್ಟಿಕೊಂಡಿವೆ ಎನ್ನೋಣ. ಮಡಚಿಕೊಳ್ಳುತ್ತಿರುವ ಪ್ರೋಟೀನಿನ ಒಂದು ಗಂಧಕ ಬಂದು ಅದರ ಮೇಲೆ ಎರಗುತ್ತದೆ. ಕ್ಷಣಕಾಲ ಕಿಣ್ವಕ್ಕೂ ಪ್ರೋಟೀನಿಗೂ ನಡುವೆ ಒಂದು ಮಿಶ್ರ ಬಂಧ ಏರ್ಪಡುತ್ತದೆ. ಅಷ್ಟರಲ್ಲಿ ಪ್ರೋಟೀನಿನ ಇನ್ನೊಂದು ಗಂಧಕ ಆ ಮಿಶ್ರ ಬಂಧಕ್ಕೆ ಕೈಹಾಕುತ್ತದೆ. ಬಂಧ ಪ್ರೋಟೀನಿನ ಪಾಲಾಗುತ್ತದೆ, ಎರಡು ಎಲೆಕ್ಟ್ರಾನ್‌ಗಳು ಕಿಣ್ವದ ಪಾಲಾಗುತ್ತವೆ. ಇದೇ ದಾರಿ ಹಿಂದುಮುಂದಾಗಿ ನಡೆದರೆ ಬಂಧ ಮುರಿಯುತ್ತದೆ. ಯಾವ ದಿಕ್ಕಿಗೆ ನಡೆಯಬೇಕೆಂಬುದನ್ನು ಕಿಣ್ವದ ಸಿಸ್ಟೀನ್‌ಗಳು ಎಲೆಕ್ಟ್ರಾನ್‌ಗಳಿಗಾಗಿ ಎಷ್ಟು ಹಸಿದಿವೆ ಎಂಬುದೇ ನಿರ್ಧರಿಸುತ್ತದೆ. 2006ರಲ್ಲಿ ಯೀಸ್ಟಿನ ಪಿಡಿಐಯ ಸ್ಫಟಿಕ ರಚನೆ ಸಿಕ್ಕಾಗ ಅದರ ಮೈಯೂ ಕಂಡಿತು. ಸಾಲಾಗಿ ನಾಲ್ಕು ಘಟಕಗಳು ತಿರುಚಿ ಬಾಗಿ ನಿಂತಿವೆ. ಎರಡು ತುದಿಗಳಲ್ಲಿ ಎರಡು ಕ್ರಿಯಾಕೇಂದ್ರಗಳು ಒಂದನ್ನೊಂದು ನೋಡುತ್ತಿವೆ. ನಡುವೆ ಇರುವ ನೀರೊಲ್ಲದ ತಗ್ಗಿನಲ್ಲಿ ಅರೆಮಡಿಕೆಯ ಪ್ರೋಟೀನುಗಳು ಬಂದು ನಿಲ್ಲುತ್ತವೆ.

ನೀಲಿ ಬಣ್ಣದ ಆಕಸ್ಮಿಕ

ಇಷ್ಟೆಲ್ಲ ಆದರೂ ಒಂದು ಸಂಶಯ ಉಳಿದಿತ್ತು. ಪ್ರನಾಳದಲ್ಲಿ ಗಾಳಿಯೊಂದರಿಂದಲೇ ಬಂಧ ಕೂಡುವಾಗ ಜೀವಂತ ಕೋಶಕ್ಕೆ ನಿಜವಾಗಿ ಕಿಣ್ವ ಬೇಕೆ? ಗಂಧಕಗಳು ತಾವಾಗಿ ಕೂಡಿಕೊಳ್ಳುತ್ತವೆ, ಪಿಡಿಐ ಅವನ್ನು ಸರಿಪಡಿಸುತ್ತದೆ ಅಷ್ಟೆ ಎಂದು ನಂಬುವವರಿದ್ದರು. ಈ ನಂಬಿಕೆಯನ್ನು ಅಲುಗಿಸಿದ್ದು ಬೇರೇನನ್ನೋ ಹುಡುಕುತ್ತಿದ್ದವರು.

ಬಾಸ್ಟನ್‌ನ ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿ ಜಾನ್ ಬೆಕ್‌ವಿತ್ ಅವರ ಪ್ರಯೋಗಾಲಯ ಇ. ಕೋಲೈ ತನ್ನ ಪ್ರೋಟೀನುಗಳನ್ನು ಪೊರೆಯೊಳಗೆ ಹೇಗೆ ಸೇರಿಸುತ್ತದೆ ಎಂದು ತಿಳಿಯಲು ಹೊರಟಿತ್ತು. ಪೊರೆಯ ಒಂದು ಪ್ರೋಟೀನಿಗೆ ಬೀಟಾ-ಗ್ಯಾಲಕ್ಟೋಸಿಡೇಸ್ ಎಂಬ ಕಿಣ್ವವನ್ನು ಅಂಟಿಸಿದ್ದರು. ಈ ಕಿಣ್ವ ಕೆಲಸ ಮಾಡಿದರೆ ಬ್ಯಾಕ್ಟೀರಿಯದ ಗುಂಪು ನೀಲಿ ಬಣ್ಣಕ್ಕೆ ತಿರುಗುತ್ತದೆ. ಪೊರೆಯ ಹೊರಮೈಯತ್ತ ಸಾಗಿಸಿದಾಗ ಅದು ಕೆಲಸ ಮಾಡುತ್ತಿರಲಿಲ್ಲ. ಪೊರೆಗೆ ಸೇರಿಸುವ ಯಂತ್ರದಲ್ಲಿ ಲೋಪವಿರುವ ತಳಿಗಳು ನೀಲಿಯಾಗಬೇಕು ಎಂಬ ಎಣಿಕೆಯಲ್ಲಿ ಜೇಮ್ಸ್ ಬಾರ್ಡ್‌ವೆಲ್ ಮತ್ತು ಕ್ಯಾರನ್ ಮೆಕ್‌ಗವರ್ನ್ ನೀಲಿ ಗುಂಪುಗಳನ್ನು ಆರಿಸಿದರು. ಸಿಕ್ಕ ತಳಿಗಳಲ್ಲಿ ಪೊರೆಗೆ ಸೇರಿಸುವ ಕೆಲಸ ಚೆನ್ನಾಗಿಯೇ ನಡೆಯುತ್ತಿತ್ತು. ಲೋಪ ಇದ್ದದ್ದು ಹಿಂದೆ ಯಾರೂ ಕಂಡಿರದ ಒಂದು ಜೀನಿನಲ್ಲಿ. ಬ್ಯಾಕ್ಟೀರಿಯದ ಒಳಪೊರೆ, ಹೊರಪೊರೆಗಳ ನಡುವಿನ ಜಾಗದಲ್ಲಿ ಗಂಧಕಗಳನ್ನು ಬೆಸೆಯುವ ಪ್ರೋಟೀನಿನ ಜೀನ್ ಅದು. ಅದೇ ಅಲ್ಲಿಗೆ ಬಂದ ಬೀಟಾ-ಗ್ಯಾಲಕ್ಟೋಸಿಡೇಸಿಗೆ ಬೇಡದ ಬೆಸುಗೆ ಹಾಕಿ ಕೊಲ್ಲುತ್ತಿತ್ತು; ಅದು ಕೆಟ್ಟಾಗ ಕಿಣ್ವ ಉಳಿದು ನೀಲಿ ಬಣ್ಣ ಬರುತ್ತಿತ್ತು. 1991ರಲ್ಲಿ ಪ್ರಕಟವಾದ ಈ ಪ್ರೋಟೀನಿಗೆ ಡಿಎಸ್‌ಬಿಎ ಎಂದು ಹೆಸರಿಟ್ಟರು. ಮರುವರ್ಷ ಕ್ಯೋಟೋದ ಕೊರೆಯಾಕಿ ಇಟೋ ಅವರ ತಂಡವೂ ಬೇರೆ ದಾರಿಯಿಂದ ಅದೇ ಜೀನನ್ನು ತಲುಪಿತು.

ಡಿಎಸ್‌ಬಿಎ ಇಲ್ಲದ ಬ್ಯಾಕ್ಟೀರಿಯ ಬದುಕುತ್ತದೆ, ಆದರೆ ಬಡವಾಗುತ್ತದೆ. ಅದರ ಈಜುಬಾಲದ ಒಂದು ಉಂಗುರದ ಪ್ರೋಟೀನಿಗೆ ಬೆಸುಗೆ ಬೀಳುವುದಿಲ್ಲ, ಹಾಗಾಗಿ ಅದು ಈಜಲಾರದು. ಕಾಲರಾ ರೋಗಾಣುವಿನಲ್ಲೂ ಈ ಕಿಣ್ವದ ಸೋದರ ಇರುವುದು 1992ರಲ್ಲಿ ತಿಳಿಯಿತು. ಅದು ಕೆಟ್ಟರೆ ಕರುಳಲ್ಲಿ ನೆಲೆಯೂರಲು ಬೇಕಾದ ಎಳೆಗಳು ರೋಗಾಣುವಿಗೆ ಸರಿಯಾಗಿ ಮೂಡುವುದಿಲ್ಲ. ಗಂಧಕ ತಾನಾಗಿ ಕೂಡುತ್ತದೆ ಎಂಬ ನೆಮ್ಮದಿಯ ನಂಬಿಕೆ ಅಲ್ಲಿಗೆ ಮುಗಿಯಿತು.

1993ರಲ್ಲಿ ಜೆನಿಫರ್ ಮಾರ್ಟಿನ್, ಬಾರ್ಡ್‌ವೆಲ್ ಮತ್ತು ಜಾನ್ ಕುರಿಯನ್ ಡಿಎಸ್‌ಬಿಎಯ ರಚನೆಯನ್ನು ಬಿಡಿಸಿ ತೋರಿಸಿದರು. ಮತ್ತೆ ಅದೇ ಥಯೋರೆಡಾಕ್ಸಿನ್ ಮಡಿಕೆ, ಅದರೊಳಗೆ ತೂರಿಸಿದ ಸುರುಳಿಗಳ ಒಂದು ಹೆಚ್ಚಿನ ಭಾಗ. ವ್ಯತ್ಯಾಸವೆಲ್ಲ ಎರಡು ಸಿಸ್ಟೀನ್‌ಗಳ ನಡುವೆ ಮತ್ತು ಸುತ್ತ ಅಡಗಿತ್ತು. ಎಲೆಕ್ಟ್ರಾನ್ ಹಸಿವನ್ನು ಅಳೆಯುವ ವಿಭವ ಥಯೋರೆಡಾಕ್ಸಿನ್ನಿನದು ಸುಮಾರು ಮೈನಸ್ 270 ಮಿಲಿವೋಲ್ಟ್. ಡಿಎಸ್‌ಬಿಎಯದು ಮೈನಸ್ 120ರ ಹತ್ತಿರ. ಡಿಎಸ್‌ಬಿಎಯ ಸ್ವಂತ ಡೈಸಲ್ಫೈಡ್ ಬಂಧ ಅಸ್ಥಿರ, ಹಾಗಾಗಿ ಸಿಕ್ಕ ಪ್ರೋಟೀನಿಗೆ ಅದನ್ನು ದಾಟಿಸಿಬಿಡಲು ಅದು ಸದಾ ಸಿದ್ಧ.

ಎಲೆಕ್ಟ್ರಾನ್‌ಗಳು ಹೋದ ದಾರಿ

ಬಂಧ ಕೊಟ್ಟ ಡಿಎಸ್‌ಬಿಎ ಕೈಯಲ್ಲಿ ಎರಡು ಎಲೆಕ್ಟ್ರಾನ್ ಉಳಿಯುತ್ತವೆ. ಅವನ್ನು ಯಾರಿಗಾದರೂ ಒಪ್ಪಿಸದೆ ಇನ್ನೊಂದು ಬೆಸುಗೆ ಹಾಕಲು ಅದಕ್ಕೆ ಆಗದು. 1993ರಲ್ಲಿ ಬೆಕ್‌ವಿತ್ ಬಳಗವೂ ಜಿನೀವಾದ ಒಂದು ತಂಡವೂ ಪೊರೆಯಲ್ಲಿ ಹುದುಗಿದ ಡಿಎಸ್‌ಬಿಬಿ ಎಂಬ ಪ್ರೋಟೀನನ್ನು ಗುರುತಿಸಿದವು. ಡಿಎಸ್‌ಬಿಎಯನ್ನು ಮತ್ತೆ ಸಜ್ಜುಗೊಳಿಸುವುದು ಇದೇ. ಆ ಎಲೆಕ್ಟ್ರಾನ್‌ಗಳ ಕೊನೆಯ ಠಾವು 1999ರಲ್ಲಿ ಗೊತ್ತಾಯಿತು. ಅಷ್ಟು ಹೊತ್ತಿಗೆ ಮಿಷಿಗನ್ ವಿಶ್ವವಿದ್ಯಾಲಯ ಸೇರಿದ್ದ ಬಾರ್ಡ್‌ವೆಲ್ ಮತ್ತು ಮಾರ್ಟಿನ್ ಬೇಡರ್ ಶುದ್ಧ ಪ್ರೋಟೀನುಗಳನ್ನೇ ಕೂಡಿಸಿ ಇಡೀ ಸಾಲನ್ನು ಪ್ರನಾಳದಲ್ಲಿ ಮರುಕಟ್ಟಿದರು. ಮನೆ ಕಟ್ಟುವಲ್ಲಿ ಇಟ್ಟಿಗೆ ಕೈಯಿಂದ ಕೈಗೆ ದಾಟುವ ಹಾಗೆ ಎಲೆಕ್ಟ್ರಾನ್‌ಗಳು ಮಡಚುವ ಪ್ರೋಟೀನಿನಿಂದ ಡಿಎಸ್‌ಬಿಎಗೆ, ಅಲ್ಲಿಂದ ಡಿಎಸ್‌ಬಿಬಿಗೆ, ಅಲ್ಲಿಂದ ಪೊರೆಯ ಕ್ವಿನೋನ್ ಎಂಬ ಅಣುವಿಗೆ, ಕೊನೆಗೆ ಉಸಿರಾಟದ ಕಿಣ್ವಗಳ ಮೂಲಕ ಆಮ್ಲಜನಕಕ್ಕೆ ಹೋಗಿ ಸೇರುತ್ತಿದ್ದವು. ಬೆಸುಗೆಗೆ ಬೇಕಾದ ಸೆಳೆತ ಜೀವಿಯ ಉಸಿರಾಟದಿಂದಲೇ ಬರುತ್ತಿತ್ತು.

ಯೀಸ್ಟ್, ಪ್ರಾಣಿ ಮತ್ತು ಮನುಷ್ಯರ ಕೋಶಗಳ ಕಥೆ ಇದಕ್ಕೆ ಸಮಾಂತರವಾಗಿ ಬಿಚ್ಚಿಕೊಂಡಿತು. ಪಿಡಿಐಯಿಂದ ಎಲೆಕ್ಟ್ರಾನ್ ಕಸಿಯುವುದು ಗ್ಲುಟಾಥಯೋನ್ ಎಂಬ ಸಣ್ಣ ಅಣು ಎಂದು ಬಹಳ ಕಾಲ ನಂಬಲಾಗಿತ್ತು. 1998ರಲ್ಲಿ ಮಾಲಿಕ್ಯುಲರ್ ಸೆಲ್ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಬೆನ್ನಿಗೆ ಬೆನ್ನು ಹಚ್ಚಿ ಎರಡು ಲೇಖನಗಳು ಬಂದವು: ಎಂಐಟಿಯ ಆಲಿಸನ್ ಫ್ರಾಂಡ್ ಮತ್ತು ಕ್ರಿಸ್ ಕೈಸರ್ ಅವರದೊಂದು, ಸ್ಯಾನ್ ಫ್ರಾನ್ಸಿಸ್ಕೋದ ಜೊನಾಥನ್ ವೈಸ್‌ಮನ್ ಬಳಗದ್ದೊಂದು. ಎರಡೂ ಯೀಸ್ಟಿನಲ್ಲಿ ಇಆರ್‌ಒ1 ಎಂಬ ಹೊಸ ಪ್ರೋಟೀನನ್ನು ತೋರಿಸಿದ್ದವು. ಇದಿಲ್ಲದೆ ಯೀಸ್ಟಿನಲ್ಲಿ ಬೆಸುಗೆ ಬೀಳುವುದಿಲ್ಲ, ಯೀಸ್ಟ್ ಬದುಕುವುದಿಲ್ಲ. ಈ ವೈಸ್‌ಮನ್ ವಿದ್ಯಾರ್ಥಿಯಾಗಿದ್ದಾಗ ಗುರು ಪೀಟರ್ ಕಿಮ್ ಜೊತೆ ಸೇರಿ, ಪ್ರೋಟೀನ್ ಮಡಿಕೆಯ ನಡುದಾರಿಯಲ್ಲಿ ಯಾವ ಬಂಧಗಳು ಮೂಡುತ್ತವೆ ಎಂಬ ಬಗ್ಗೆ ಕೇಂಬ್ರಿಜ್‌ನ ಥಾಮಸ್ ಕ್ರೈಟನ್ ಅವರ ನಿಲುವನ್ನು ಪ್ರಶ್ನಿಸಿದ್ದವರು. ಪ್ರನಾಳದ ವಾದದಿಂದ ಹೊರಟವರು ಜೀವಕೋಶದ ಬೇರಿಗೇ ಬಂದು ತಲುಪಿದ್ದರು.

ಇಆರ್‌ಒ1 ಪಿಡಿಐಯಿಂದ ಪಡೆದ ಎಲೆಕ್ಟ್ರಾನ್‌ಗಳನ್ನು ತನ್ನೊಳಗಿನ ಫ್ಲೇವಿನ್ ಅಣುವಿನ ಮೂಲಕ ಆಮ್ಲಜನಕಕ್ಕೆ ಕೊಡುತ್ತದೆ. ಪ್ರತಿ ಬೆಸುಗೆಗೂ ಒಂದು ಹೈಡ್ರೋಜನ್ ಪೆರಾಕ್ಸೈಡ್ ಅಣು ಹುಟ್ಟುತ್ತದೆ. ಅದು ಕೋಶಕ್ಕೆ ಅಪಾಯಕಾರಿ. ಆದರೆ ಪ್ರಾಣಿಗಳ ಕೋಶ ಅದನ್ನೂ ವ್ಯರ್ಥ ಮಾಡುವುದಿಲ್ಲ. ಪೆರಾಕ್ಸಿರೆಡಾಕ್ಸಿನ್-4 ಎಂಬ ಕಿಣ್ವ ಆ ಪೆರಾಕ್ಸೈಡನ್ನು ಹಿಡಿದು, ಅದರ ಬಲದಿಂದ ಇನ್ನೊಂದು ಬೆಸುಗೆ ಸಾಧ್ಯವಾಗಿಸುತ್ತದೆ ಎಂದು 2010ರಲ್ಲಿ ತಿಳಿಯಿತು. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಡೆಬೊರಾ ಫಾಸ್ ಮತ್ತಿತರರು 2004ರಲ್ಲಿ ಇಆರ್‌ಒ1 ರಚನೆ ಕೊಟ್ಟರು. 2006ರಲ್ಲಿ ಕೆಂಜಿ ಇನಾಬ ಮತ್ತು ಇಟೋ ಡಿಎಸ್‌ಬಿಬಿಯದ್ದನ್ನು ಕೊಟ್ಟರು. ಅಮೈನೋ ಆಮ್ಲಗಳ ಸಾಲಿನಲ್ಲಿ ಇವೆರಡಕ್ಕೂ ಸಂಬಂಧವಿಲ್ಲ. ಆದರೂ ಎರಡರ ಎದೆಯಲ್ಲೂ ನಾಲ್ಕು ಸುರುಳಿಗಳ ಒಂದೇ ಬಗೆಯ ಕಟ್ಟು, ಅದಕ್ಕೆ ತಾಗಿ ಎಲೆಕ್ಟ್ರಾನ್ ಒಯ್ಯುವ ಅಣು, ಪಕ್ಕದಲ್ಲಿ ಜೋಡಿ ಸಿಸ್ಟೀನ್. ಬ್ಯಾಕ್ಟೀರಿಯವೂ ಯೀಸ್ಟೂ ಬೇರೆಬೇರೆ ದಾರಿಯಲ್ಲಿ ನಡೆದು ಒಂದೇ ಉತ್ತರ ಕಂಡುಕೊಂಡಿದ್ದವು.

ಔಷಧದ ಅಂಗಳದಲ್ಲಿ

ಒಂದು ಬೆಸುಗೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಜಪಾನಿನ ಅಕಿತಾ ಇಲಿಗಳು ಸಾಕ್ಷಿ. ಅವುಗಳ ಇನ್ಸುಲಿನ್ ಜೀನಿನಲ್ಲಿ ಒಂದೇ ಒಂದು ಸಿಸ್ಟೀನ್ ಬದಲಾಗಿದೆ, ಹಾಗಾಗಿ ಎರಡು ಸರಪಳಿಗಳ ನಡುವಿನ ಒಂದು ಬಂಧ ಮೂಡುವುದಿಲ್ಲ. ಕೆಟ್ಟು ಮಡಚಿದ ಪ್ರೋಇನ್ಸುಲಿನ್, ಅಂದರೆ ಇನ್ಸುಲಿನ್ನಿನ ಮೊದಲ ರೂಪ, ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂನಲ್ಲಿ ಸಿಕ್ಕಿಬಿದ್ದು ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ಕೊಲ್ಲುತ್ತದೆ. ಅದೇ ಬದಲಾವಣೆ ಹುಟ್ಟುವ ಕೂಸುಗಳಲ್ಲೂ ಮಧುಮೇಹ ತರುತ್ತದೆ ಎಂದು 2007ರಲ್ಲಿ ಗೊತ್ತಾಯಿತು.

ಔಷಧ ತಯಾರಿಕೆಯೂ ಇದೇ ರಸಾಯನಕ್ಕೆ ಕಟ್ಟುಬಿದ್ದಿದೆ. 1978ರಲ್ಲಿ ಮಾನವ ಇನ್ಸುಲಿನ್ನನ್ನು ಇ. ಕೋಲೈಯಲ್ಲಿ ಬೆಳೆಸಿದಾಗ ಎರಡು ಸರಪಳಿಗಳನ್ನು ಬೇರೆಬೇರೆ ತಯಾರಿಸಿ ಆಮೇಲೆ ಹೊರಗೆ ಬೆಸೆಯಬೇಕಾಯಿತು. ಆ ಬ್ಯಾಕ್ಟೀರಿಯದ ಕೋಶದ್ರವದಲ್ಲಿ ಇಂಥ ಬಂಧಗಳು ನಿಲ್ಲುವುದಿಲ್ಲ. ಯೀಸ್ಟಿಗೆ ಪಿಡಿಐ, ಇಆರ್‌ಒ1ಗಳ ತನ್ನದೇ ವ್ಯವಸ್ಥೆ ಇದೆ. 2004ರಲ್ಲಿ ಬೆಂಗಳೂರಿನ ಬಯೋಕಾನ್ ಮಾರುಕಟ್ಟೆಗೆ ತಂದ ಇನ್ಸುಲಿನ್ ಪಿಚಿಯಾ ಎಂಬ ಯೀಸ್ಟಿನಲ್ಲಿ ಬೆಳೆದದ್ದು. ಇದಕ್ಕೂ ಮುಂಚೆ, 1989ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸೌದಾಮಿನಿ, ಸಿ. ರಾಮಕೃಷ್ಣನ್, ಪಿ. ಬಲರಾಂ ಮತ್ತು ಜೊತೆಗಾರರು ಒಂದು ಪ್ರೋಟೀನಿನಲ್ಲಿ ಹೊಸ ಡೈಸಲ್ಫೈಡ್ ಬಂಧವನ್ನು ಎಲ್ಲಿ ಕೂಡಿಸಿದರೆ ಹೊಂದುತ್ತದೆ ಎಂದು ಲೆಕ್ಕಹಾಕುವ ವಿಧಾನವನ್ನು ಕೊಟ್ಟಿದ್ದರು.

ಮುಂದಿನ ಆಸೆ ರೋಗಾಣುಗಳ ಮೇಲೆ ನೆಟ್ಟಿದೆ. ಕ್ಷಯದ ಬ್ಯಾಕ್ಟೀರಿಯದಲ್ಲಿ ಡಿಎಸ್‌ಬಿಬಿ ಇಲ್ಲ. ಮನುಷ್ಯರಲ್ಲಿ ರಕ್ತ ಹೆಪ್ಪುಗಟ್ಟಲು ನೆರವಾಗುವ ಕಿಣ್ವವೊಂದರ ಬಂಧು ಅಲ್ಲಿ ಆ ಕೆಲಸ ಮಾಡುತ್ತದೆ ಎಂದು ಬೆಕ್‌ವಿತ್ ಬಳಗ 2008ರಲ್ಲಿ ತೋರಿಸಿತು. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಆ ಬ್ಯಾಕ್ಟೀರಿಯದ ಕಿಣ್ವವನ್ನೂ ತಡೆಯುತ್ತದೆ. ಕ್ಷಯಕ್ಕೆ ವಾರ್ಫರಿನ್ ಮದ್ದಲ್ಲ. ಆದರೆ ಬೆಸುಗೆ ಹಾಕುವ ಕಿಣ್ವವನ್ನು ಔಷಧದಿಂದ ಕಟ್ಟಿಹಾಕಬಹುದು ಎಂಬುದಕ್ಕೆ ಅದು ಪುರಾವೆ. ಕ್ಷಯದ ಹೊರೆ ಹೊತ್ತ ನಮ್ಮಂಥ ದೇಶಕ್ಕೆ ಈ ಸುಳಿವು ದೊಡ್ಡದು.

ಈ ಚರಿತ್ರೆಯ ಉದ್ದಕ್ಕೂ ಕಾಣುವ ಒಂದು ಸತ್ಯವಿದೆ. ರಸಾಯನದಲ್ಲಿ ಆಗಬಲ್ಲದ್ದೆಲ್ಲ ಜೀವಕ್ಕೆ ಒದಗುವುದಿಲ್ಲ. ಅದು ಹೊತ್ತಿಗೆ ಸರಿಯಾಗಿ ಆಗಬೇಕು. ಆಕಾರದ ಅರಿವು ಸರಪಳಿಯಲ್ಲೇ ಇದೆ ಎಂದ ಆನ್ಫಿನ್ಸನ್ ಮಾತು ಇಂದಿಗೂ ನಿಜ. ಆ ಅರಿವಿಗೆ ವೇಳೆ ಮೀರದಂತೆ ರೂಪ ಕೊಡುವುದು ಕಿಣ್ವ. ನೊಬೆಲ್ ಬಂದದ್ದು ಮೊದಲನೆಯ ಮಾತಿಗೆ. ಎರಡನೆಯದರ ತೂಕ ಅದಕ್ಕಿಂತ ಕಡಿಮೆಯಲ್ಲ ಎಂಬುದು ನನ್ನ ದೃಢ ನಂಬಿಕೆ. ತನ್ನ ಸಿದ್ಧಾಂತ ಗೆದ್ದ ಮೇಲೂ ಅದು ಪ್ರಕೃತಿಯ ಗಡಿಯಾರಕ್ಕೆ ಹೊಂದುತ್ತಿಲ್ಲ ಎಂದು ಒಪ್ಪಿ ಮತ್ತೆ ಪ್ರಯೋಗಕ್ಕೆ ಇಳಿಯುವ ವಿಜ್ಞಾನಿ ಇದ್ದುದರಿಂದಲೇ ಪಿಡಿಐ ನಮಗೆ ಸಿಕ್ಕಿತು. ಅಂಥ ಪ್ರಾಮಾಣಿಕತೆಗೂ, ನೀಲಿ ಗುಂಪುಗಳಂಥ ಎಣಿಸದ ಫಲಗಳಿಗೂ ಜಾಗ ಕೊಡುವ ಪ್ರಯೋಗಾಲಯಗಳನ್ನು ನಾವು ಕಟ್ಟಿ ಉಳಿಸಿಕೊಳ್ಳಬೇಕು. ನಾಳೆಯ ಕ್ಷಯದ ಮದ್ದು ಹುಟ್ಟುವುದಾದರೆ ಅಂಥ ಕಡೆಯೇ.